ಹಿಂಗೋಡೆಯ ಹಿಮ್ಮೇಳ

"ಹಿಮ್ಮೇಳ ಅಂದ್ರೆ ಯಾರ ಹಿಂದೆ?"

ಗುಮಾಸ್ತರು ಈ ಪ್ರಶ್ನೆ ಹಾಕಿದಾಗ ಹಜಾರದಲ್ಲಿ ಉತ್ತರ ಹೇಳುವ ಜೀವ ಇನ್ನೊಂದಿರಲಿಲ್ಲ. ಗೋಡೆ ಹಿಡಿದು ನಿಂತ ಸ್ಪೀಕರುಗಳಿದ್ದವು, ಅವುಗಳ ನಟ್ಟನಡುವೆ ಒಂದು ಬೆತ್ತದ ಕುರ್ಚಿ ಇತ್ತು. ಸ್ಪೀಕರುಗಳು ಹೇಳಿಕೊಟ್ಟದ್ದನ್ನಷ್ಟೇ ಹೇಳುವಂಥವು. ಕುರ್ಚಿಯಂತೂ ಹುಟ್ಟಾ ಮೌನಿ. ಆದ್ದರಿಂದ ಗುಮಾಸ್ತರು ಕಚೇರಿಯ ಅಭ್ಯಾಸಬಲದಿಂದ ತಮ್ಮ ಪ್ರಶ್ನೆಗೆ ತಾವೇ "ಪರಿಶೀಲಿಸ್ತೀವಿ" ಎಂದು ಉತ್ತರ ಕೊಟ್ಟುಕೊಂಡರು.

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವರ ಕೆಲಸವೇ ಅದು. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಕೂಗುವವರಿಗೂ, ನೀರು ನಿಲ್ಲುತ್ತಲೇ ಇಲ್ಲ ಎಂದು ಗೋಳಾಡುವವರಿಗೂ ಅದೇ ಒಂದು ಮಾತನ್ನು ಅದೇ ಒಂದು ಶ್ರುತಿಯಲ್ಲಿ ಹೇಳಿ ಹೇಳಿ, ಈಗ ಅದು ಕೇಳದಿದ್ದರೂ ಬಾಯಿಂದ ಉದುರುತ್ತಿತ್ತು. ಮನೆಯಲ್ಲಿ ಹೆಂಡತಿ "ಊಟಕ್ಕೆ ಬರ್ತೀರಾ?" ಎಂದು ಕರೆದರೆ ಮೊದಲು ಬರುವುದು ಆ ಮಾತು, ಆಮೇಲೆ ಗುಮಾಸ್ತರು.

ಆದರೆ ಈ ಸಲದ ಪ್ರಶ್ನೆ ನೀರಿನದ್ದಲ್ಲ, ಹೆಂಡತಿಯದು.

ಆಕೆ ಮದುವೆಗೆ ಮೊದಲು ತನ್ನ ಅಕ್ಕನ ಹಿಂದೆ ನಿಂತು ಹಾಡುತ್ತಿದ್ದವಳು. ಅಕ್ಕ ದೊಡ್ಡ ಹಾಡುಗಾರ್ತಿ. ಆ ಅಕ್ಕನಿಗೆ ಹೆಸರು ತಂದುಕೊಟ್ಟ ಧ್ವನಿಮುದ್ರಣವೊಂದಿತ್ತು. ದೇವರ ಹೊಸ್ತಿಲಲ್ಲಿ ಹಟ ಹಿಡಿದು ಕೂತ ಜೀವವೊಂದರ ಹಾಡು. ಅಕ್ಕ ಮುಂದೆ ನಿಂತು "ಕರೆದರೂ ಸರಿಯೆ, ಕರೆಯದಿರೆ ಸರಿಯೆ, ಕದ ತೆರೆವ ತನಕ" ಎಂದು ಎತ್ತಿಕೊಂಡರೆ, ತಂಗಿ ಹಿಂದಿನಿಂದ "ನಾ ಹೋಗಲಾರೆ, ನಾ ಹೋಗಲಾರೆ" ಎಂದು ತುಂಬುತ್ತಾಳೆ. ತುಂಬುತ್ತಾಳೆ ಎಂದು ನಂಬಿಕೆ. ಏಕೆಂದರೆ ಆ ಮುದ್ರಣದಲ್ಲಿ ತಂಗಿಯ ದನಿಯನ್ನು ಹಾಲಿಗೆ ಹಾಕಿದ ನೀರಿನ ಹಾಗೆ ಬೆರೆಸಿಬಿಟ್ಟಿದ್ದರು. ಇದೆ ಎಂದು ಗೊತ್ತು, ತೋರಿಸು ಎಂದರೆ ತೋರಿಸಲಾಗದು.

ಮದುವೆಯಾದ ಹೊಸತರಲ್ಲಿ ಆಕೆ ಕ್ಯಾಸೆಟ್ ಹಾಕಿ, "ಈಗ! ಈಗ ಬಂದೆ ನೋಡಿ!" ಎನ್ನುವಳು. ಗುಮಾಸ್ತರು ಕಣ್ಣು ಮುಚ್ಚಿ ತಲೆದೂಗುವರು. ಅವರಿಗೆ ಕೇಳಿಸುತ್ತಿದ್ದದ್ದು ಆ ಅಕ್ಕ, ಅವರ ಅತ್ತಿಗೆ.

"ಕೇಳಿಸ್ತಾ?"

"ಓಹೋ!"

ವರ್ಷಗಟ್ಟಲೆ ಹೀಗೇ ನಡೆದು, ಕೊನೆಗೊಂದು ದಿನ ಆಕೆಯೇ "ನಂಗೂ ಕೇಳಿಸಲ್ಲ ಬಿಡಿ" ಎಂದು ನಕ್ಕು, ಕ್ಯಾಸೆಟ್ಟನ್ನು ಹಳೆ ಬಟ್ಟೆಯ ಪೆಟ್ಟಿಗೆಗೆ ಸೇರಿಸಿದಳು. ಆ ನಗು ಗುಮಾಸ್ತರ ಎದೆಯೊಳಗೆ, ಎಷ್ಟು ತಿರುಗಿಸಿದರೂ ನಿಲ್ಲದ ನಲ್ಲಿಯ ಹಾಗೆ ತೊಟ್ಟಿಕ್ಕುತ್ತಲೇ ಉಳಿಯಿತು.

ದೈವ ಸಹಾಯ ಮಾಡುವಾಗ ದೂರಿನ ರೂಪದಲ್ಲಿ ಬರುವುದುಂಟು. ಒಂದು ಬೆಳಿಗ್ಗೆ ಕಚೇರಿಯ ಕಿಂಡಿಯಲ್ಲಿ ಮುದುಕರೊಬ್ಬರು ತಲೆ ತೂರಿಸಿ, "ನಮ್ಮನೆ ನಲ್ಲಿ ಅಪಶ್ರುತೀಲಿ ಸೋರ್ತಿದೆ" ಎಂದರು. ಗುಮಾಸ್ತರು "ಪರಿಶೀಲಿಸ್ತೀವಿ" ಎಂದರು. ಮುದುಕರು ಅಷ್ಟಕ್ಕೇ ಬಿಡದೆ ಅಲ್ಲಿಯೇ ನಿಂತು ನಲ್ಲಿ ಯಾವ ಸ್ವರದಲ್ಲಿ ಸೋರುತ್ತಿದೆ, ಯಾವುದರಲ್ಲಿ ಸೋರಿದರೆ ತಮಗೆ ನಿದ್ದೆ ಬರುತ್ತದೆ ಎಂಬುದನ್ನು ಹಾಡಿ ತೋರಿಸಿದರು. ವಿಚಾರಿಸಿದರೆ, ಸ್ಟುಡಿಯೋದವರೆಲ್ಲ ಕಿವಿಯಣ್ಣ ಎಂದು ಕರೆಯುತ್ತಿದ್ದ ನಿವೃತ್ತ ಧ್ವನಿಮುದ್ರಕರು ಅವರು. ಅತ್ತಿಗೆಯ ಆ ಹಾಡನ್ನು ಮುದ್ರಿಸಿದವರೂ ಅವರೇ. ಆಗಿನ ಅಗಲ ಟೇಪಿನಲ್ಲಿ ಪ್ರತಿ ದನಿಯೂ ಪ್ರತಿ ವಾದ್ಯವೂ ಬೇರೆಬೇರೆಯಾಗಿಯೇ ಮಲಗಿವೆಯೆಂದೂ, ಅವನ್ನು ಕಂಪ್ಯೂಟರಿಗೆ ಇಳಿಸಿಕೊಡಬಹುದೆಂದೂ ಅವರು ಹೇಳಿದಾಗ ಗುಮಾಸ್ತರು ಕುರ್ಚಿಯಿಂದ ಎದ್ದೇ ನಿಂತರು. ಆ ವಿಭಾಗದ ಚರಿತ್ರೆಯಲ್ಲಿ ದೂರುದಾರನೊಬ್ಬನಿಗೆ ಗುಮಾಸ್ತ ಎದ್ದು ನಿಂತದ್ದು ಅದೇ ಮೊದಲು.

ಮುಂದಿನದೆಲ್ಲ ತಾನಾಗಿ ಕೂಡಿಬಂತು. ಊರು ಬಿಟ್ಟ ಸಹೋದ್ಯೋಗಿಯೊಬ್ಬ ಸಾಗಿಸಲಾರದೆ ಬಿಟ್ಟುಹೋದ ಸ್ಪೀಕರುಗಳ ಮೇಳ ಸಿಕ್ಕಿತು: ಮುಂದೆ ಮೂರು, ಹಿಂದೆ ಎರಡು, ನೆಲಕ್ಕೊಂದು ಗುಡುಗು ಪೆಟ್ಟಿಗೆ. ಅತ್ತಿಗೆಯ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಹೆಂಡತಿ ಆರೈಕೆಗೆಂದು ಹೋದಳು. ಭಾನುವಾರ ಆಕೆ ಮರಳುವುದರೊಳಗೆ ಹಾಡನ್ನು ಹೊಸದಾಗಿ ಬೆರೆಸಿ, ನಡುವಿನ ಕುರ್ಚಿಯಲ್ಲಿ ಆಕೆಯನ್ನು ಕೂರಿಸಿ, ಅವಳ ದನಿಯನ್ನು ಅವಳಿಗೇ ಕೇಳಿಸಬೇಕು. ಮಾತು ಹೊರಗೆ ಬೀಳಬಾರದು. ಇದು ಗುಮಾಸ್ತರ ಸಂಕಲ್ಪ.

ಹೆಂಡತಿಯ ದನಿಯನ್ನು ಎಲ್ಲಿ ಇಡುವುದು ಎಂಬಲ್ಲಿಗೆ ಬಂದಾಗ ಸಂಕಲ್ಪ ಸಿಕ್ಕಿಕೊಂಡಿತು. ಫೋನಿನಲ್ಲಿ ಕಿವಿಯಣ್ಣ ಬಿಡಿಸಿ ಹೇಳಿದರು:

"ನೋಡಿ ಸ್ವಾಮಿ, ಮನೇಲಿ ಕೂತು ಕೇಳೋರಿಗೆ ಬೆರೆಸೋದ್ರಲ್ಲಿ ಎರಡು ಪಂಥ. ಒಂದು ಸಭೆಯ ಪಂಥ. ನೀವು ಕುರ್ಚೀಲಿ, ಹಾಡೋರು ಬಾರಿಸೋರು ಎಲ್ಲ ಎದುರಿಗೆ. ಹಿಂದಿನ ಸ್ಪೀಕರಲ್ಲಿ ಚಪ್ಪಾಳೆ, ಯಾರದೋ ಕೆಮ್ಮು, ಸಭಾಂಗಣದ ಗುಂಯ್, ಅಷ್ಟೇ. ಇನ್ನೊಂದು ಮೇಳದ ಪಂಥ. ನಿಮ್ಮನ್ನೇ ಎತ್ತಿ ವೇದಿಕೆ ಮಧ್ಯ ಕೂರಿಸಿಬಿಡೋದು. ಎಡಕ್ಕೆ ತಬಲ, ಬಲಕ್ಕೆ ಪಿಟೀಲು, ಬೆನ್ನಿಗೆ ಇನ್ಯಾರೋ. ನಾನು ಸಭೆಯವನು. ಬೆನ್ನ ಹಿಂದೆ ಬಂದು ಹಾಡೋದು ಜೇಬುಗಳ್ಳರ ಕೆಲಸ."

"ಅಲ್ಲಾ, ಹಿಮ್ಮೇಳ ಅಂದ್ಮೇಲೆ ಹಿಂದೆ ಇರ್ಬೇಕಲ್ವಾ?"

"ಹಾಡೋರ ಹಿಂದೆ ಸ್ವಾಮಿ! ಕೇಳೋರ ಹಿಂದಲ್ಲ!"

ಗುಮಾಸ್ತರು ಹಾಡುವವರ ಹಿಂದೆಯೇ ಇಟ್ಟು ನೋಡಿದರು. ಅತ್ತಿಗೆ ಬಾಯಿ ತೆರೆದ ಕೂಡಲೆ ಹೆಂಡತಿ ಮುಳುಗಿದಳು. ಪಕ್ಕಕ್ಕೆ ಸರಿಸಿದರೆ ತಬಲ ತುಳಿಯಿತು. ಹಜಾರದಲ್ಲಿ ಅತ್ತಿಗೆ ಇಲ್ಲದ ಜಾಗ ಒಂದೇ, ಕುರ್ಚಿಯ ಹಿಂದೆ. ಹಿಮ್ಮೇಳವೆಂಬ ಪದವನ್ನು ಮಾಡಿದ ಹಿರಿಯರು ಯಾರ ಹಿಂದೆ ಎಂದು ಬಿಡಿಸಿ ಹೇಳದೆ ಹೋದದ್ದು ತಮ್ಮಂಥವರ ಅನುಕೂಲಕ್ಕೇ ಎಂದು ತೀರ್ಮಾನಿಸಿ ಅವರು ಹೆಂಡತಿಯ ದನಿಯನ್ನು ಹಿಂದಿನ ಎರಡು ಸ್ಪೀಕರುಗಳಿಗೆ ಹಂಚಿ, ಸ್ಪೀಕರುಗಳನ್ನು ಹಿಂಗೋಡೆಗೆ ಒತ್ತಿ ನಿಲ್ಲಿಸಿದರು. ಆಮೇಲೆ ಕುರ್ಚಿಯಲ್ಲಿ ಕೂತರು.

ಮೊದಲ "ನಾ" ಬೆನ್ನಿಗೆ ಮುಟ್ಟಿದಾಗ ಗುಮಾಸ್ತರ ಕುತ್ತಿಗೆಯ ಕೂದಲು ನೆಟ್ಟಗಾದವು. ಅದು ಅವಳೇ. ಇನ್ನೂ ಅವರನ್ನು ಕಂಡೇ ಇರದ, ಇಪ್ಪತ್ತರ ಅಂಚಿನ ಹುಡುಗಿ. ಅವರು ಹಾಡು ಮುಗಿಯುವ ತನಕ ಅಲುಗಲಿಲ್ಲ. ಮುಗಿದ ಮೇಲೆ ಮತ್ತೆ ಹಾಕಿದರು. ಕಚೇರಿಯಿಂದ ಬಂದ ಸಂಜೆಗಳೆಲ್ಲ ಹಾಗೆಯೇ ಕಳೆದವು.

ಅವರು ಮರೆತದ್ದು ಒಂದನ್ನೇ, ಗೋಡೆಗಳಿಗೆ ಎರಡು ಮಗ್ಗುಲು ಇರುತ್ತವೆ ಎಂಬುದನ್ನು.

ಪೂರ್ತಿ ಹಾಡು ಕೇಳಿಸುತ್ತಿದ್ದದ್ದು ಲೋಕದಲ್ಲೆಲ್ಲ ಆ ಬೆತ್ತದ ಕುರ್ಚಿಯೊಂದಕ್ಕೆ. ಅತ್ತಿಗೆಯ ದನಿ ಎದುರಿನ ಕಿಟಕಿಯಿಂದ ಬೀದಿಗೆ ಹೋಗಿ ವಾಹನಗಳ ಸದ್ದಿನಲ್ಲಿ ಕರಗುತ್ತಿತ್ತು. ಎಡಗೋಡೆಯ ಆಚೆ ವಿಮೆ ಏಜೆಂಟರ ಮನೆ. ಅವರಿಗೆ ಸಿಕ್ಕಿದ್ದು ಬರೀ ತಬಲ. ನೆಲದ ಕೆಳಗೆ ವಸತಿ ಸಂಘದ ಕಾರ್ಯದರ್ಶಿಗಳು, ನಿವೃತ್ತ ಸ್ಟೇಷನ್ ಮಾಸ್ತರು. ಅವರ ತಲೆಯ ಮೇಲೆ ಗುಡುಗು ಪೆಟ್ಟಿಗೆ. ಹಿಂಗೋಡೆಯ ಆಚೆ ಒಬ್ಬಂಟಿ ಟೀಚರಮ್ಮ. ಪಾಪ, ಅವರ ಪಾಲಿಗೆ ಬಂದದ್ದು ಒಂದು ಹೆಣ್ಣುದನಿ, ಒಂದೇ ಮಾತು:

"ನಾ ಹೋಗಲಾರೆ... ನಾ ಹೋಗಲಾರೆ..."

ಟೀಚರಮ್ಮ ಮೊದಲ ಸಂಜೆ ಗೋಡೆಗೆ ಕಿವಿ ಕೊಟ್ಟರು. ಎರಡನೆಯ ಸಂಜೆ ಗೋಡೆಗೆ ಸ್ಟೀಲ್ ಲೋಟ ಕೊಟ್ಟು, ಲೋಟಕ್ಕೆ ಕಿವಿ ಕೊಟ್ಟರು. ಹೆಂಡತಿ ಊರಲ್ಲಿಲ್ಲ. ಮನೆಯೊಳಗೆ ಹೆಣ್ಣು. ಹೋಗು ಎಂದವರು ಯಾರೋ, ಹೋಗಲಾರೆ ಎನ್ನುತ್ತಿರುವವಳು ಯಾರೋ! ಆದರೂ ಮೂವತ್ತು ವರ್ಷ ಮಕ್ಕಳ ಜಗಳ ಬಿಡಿಸಿದ ಜೀವ. ಒಂದೇ ಕಡೆಯ ಮಾತು ಕೇಳಿ ತೀರ್ಪು ಕೊಡುವವರಲ್ಲ. ಇನ್ನೊಂದು ಕಡೆಯ ಮಾತೂ ಮರುದಿನವೇ, ಬಟ್ಟೆ ಒಣಹಾಕುವಾಗ, ತಾನಾಗಿ ಕಿವಿಗೆ ಬಿತ್ತು.

ಗುಮಾಸ್ತರು ಪಕ್ಕದ ಬಾಲ್ಕನಿಯಲ್ಲಿ ಬೆನ್ನು ತಿರುಗಿಸಿ ನಿಂತು, ಕಿವಿಯಣ್ಣನಿಗೆ ಫೋನಿನಲ್ಲಿ ಪ್ರಗತಿ ವರದಿ ಒಪ್ಪಿಸುತ್ತಿದ್ದರು. ಧ್ವನಿಮುದ್ರಣದವರ ಭಾಷೆಯಲ್ಲಿ ಪ್ರತಿಧ್ವನಿ ಸೇರಿಸಿದರೆ ದನಿ ಒದ್ದೆ, ಸೇರಿಸದಿದ್ದರೆ ಒಣ. ದನಿಯಲ್ಲಿ ಮಂದ್ರದ ಗೊಗ್ಗರು ಹೆಚ್ಚಾದರೆ ಕೆಳಗಿನಿಂದ ಕತ್ತರಿಸುತ್ತಾರೆ. ಮಾತಿನ ನಡುವೆ ಉಸಿರೆಳೆಯುವ ಸದ್ದನ್ನು ತೆಗೆದುಹಾಕುವುದೂ ಉಂಟು. ಇದು ನಮಗೆ ನಿಮಗೆ ಈಗ ಗೊತ್ತಾಯಿತು. ಟೀಚರಮ್ಮನಿಗೆ ಯಾರು ಹೇಳಬೇಕು?

"ಹೂಂ, ಅವಳನ್ನ ಹಿಂದೆ ಹಾಕಿದೀನಿ. ಗೋಡೆಗೆ ಒತ್ತಿ ನಿಲ್ಲಿಸಿದೀನಿ," ಎನ್ನುತ್ತಿದ್ದರು ಗುಮಾಸ್ತರು. "ತುಂಬಾ ಒಣಗಿದ್ಲು, ಸ್ವಲ್ಪ ಒದ್ದೆ ಮಾಡಿದೆ... ಕತ್ತರಿಸಿದೆ ಕತ್ತರಿಸಿದೆ. ಕೆಳಗಿಂದು ಪೂರ್ತಿ ಕತ್ತರಿಸಿ ಬಿಸಾಕಿದೆ. ಈಗ ಹಗುರಾಗಿದಾಳೆ."

ಟೀಚರಮ್ಮ ತಂತಿ ಹಿಡಿದುಕೊಂಡರು.

"ಉಸಿರಾ? ಉಸಿರು ಇನ್ನೂ ಕೇಳಿಸ್ತಿದೆ. ಅದನ್ನೂ ತೆಗೀಬೇಕಾ?... ಬೇಡ, ನಂಗೆ ಮನಸ್ಸು ಬರಲ್ಲ. ಉಸಿರೊಂದು ಇರ್ಲಿ ಬಿಡಿ, ಪಾಪ... ಆಯ್ತು, ಭಾನುವಾರ ಹೆಂಡ್ತಿ ಬರೋಷ್ಟರಲ್ಲಿ ಎಲ್ಲಾ ಮುಗಿಸಿಬಿಡ್ತೀನಿ. ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ!"

ಒದ್ದೆ ಬಟ್ಟೆಯ ಬಕೆಟ್ಟು ಟೀಚರಮ್ಮನ ಕೈಯಿಂದ ಜಾರಿ, ಕೆಳಮನೆಯ ಕಾರ್ಯದರ್ಶಿಗಳ ಹೂಕುಂಡದ ಮೇಲೆ ಬಿತ್ತು.

ಕುಂಡದ ವಿಚಾರಣೆಗೆಂದು ಮೇಲೆ ಬಂದ ಕಾರ್ಯದರ್ಶಿಗಳು ಮೆಟ್ಟಿಲ ತಿರುವಿನಲ್ಲೇ ಕುಂಡವನ್ನು ಮರೆತರು. ಸದ್ದು ಕೇಳಿ ವಿಮೆ ಏಜೆಂಟರೂ ಹೊರಗೆ ಬಂದರು.

"ನಾನೂ ಅಂದ್ಕೊಂಡೆ!" ಎಂದರು ಏಜೆಂಟರು. "ನಮ್ಮ ಗೋಡೆ ಮೇಲೆ ಸಂಜೆಯಾದ್ರೆ ದಬದಬ ದಬದಬ. ಬಾಗಿಲು ಬಡಿಯೋ ಸದ್ದು. ಅದೂ ಎಂಥದು, ತಾಳ ತಪ್ಪದ ಹಾಗೆ ಬಡಿತಾರೆ. ಪಾಪ, ಎಷ್ಟು ದಿನದಿಂದ ಬಡಿದು ಅಭ್ಯಾಸ ಆಗಿದೆಯೋ."

"ನಮ್ಮ ಸೂರಿನ ಮೇಲೆ," ಎಂದರು ಕಾರ್ಯದರ್ಶಿಗಳು, ಗಾಡಿ ತಡವಾಗಿದೆ ಎಂದು ಸಾರುವ ದನಿಯಲ್ಲಿ, "ಭಾರವಾದದ್ದೇನನ್ನೋ ಎಳೀತಾರೆ. ನಿಲ್ಲಿಸ್ತಾರೆ. ಮತ್ತೆ ಎಳೀತಾರೆ. ಕಪಾಟು ಅಂದ್ಕೊಂಡಿದ್ದೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವರಿಗೂ ಹಾಡಿನ ಒಂದೊಂದು ತುಂಡು ಸಿಕ್ಕಿತ್ತು. ಮೂರನ್ನೂ ಜೋಡಿಸಿದಾಗ ಅದು ಹಾಡಾಗದೆ ಕೊಲೆಯಾಯಿತು.

"ಅಷ್ಟು ಸಾಧು ಮನುಷ್ಯ ಕಣ್ರೀ," ಎಂದರು ಏಜೆಂಟರು. "ವಿಮೆ ಮಾಡ್ಸಿ ಅಂತ ಎಷ್ಟು ವರ್ಷದಿಂದ ಹೇಳ್ತಿದೀನಿ, ಒಂದು ದಿನ ಆಗಲ್ಲ ಅಂದಿಲ್ಲ. ಪರಿಶೀಲಿಸ್ತೀನಿ ಅಂತಾನೇ ಇದಾರೆ."

"ಸಾಧುಗಳೇ ಕಣಪ್ಪ ಇಂಥದ್ದು ಮಾಡೋದು," ಎಂದರು ಟೀಚರಮ್ಮ. "ತಂಟೆಕೋರರಿಗೆ ಪುರುಸೊತ್ತೆಲ್ಲಿ?"

ಕಾರ್ಯದರ್ಶಿಗಳು ಸಂಘದ ಪರವಾಗಿ ಗುಮಾಸ್ತರ ಕದ ತಟ್ಟಿದರು. ಗುಮಾಸ್ತರು ಕದವನ್ನು ಬೆರಳಗಲ ತೆರೆದು, ಮೂಗಿನಷ್ಟೇ ಹೊರಗಿಟ್ಟರು. ಸಭ್ಯ ಮನುಷ್ಯ ಗುಟ್ಟು ಕಾಪಾಡಲು ಹೊರಟಾಗ ಅವನಷ್ಟು ಅನುಮಾನಾಸ್ಪದವಾಗಿ ಕಾಣುವ ಪ್ರಾಣಿ ಇನ್ನೊಂದಿಲ್ಲ.

"ಒಳಗೆ ಯಾರಾದ್ರೂ ಇದಾರೇನ್ರೀ?"

"ಯಾರೂ ಇಲ್ಲ ಸಾರ್."

"ಹೆಂಗಸಿನ ದನಿ ಕೇಳಿಸ್ತಂತೆ."

ಗುಮಾಸ್ತರ ಮುಖ ಅರಳಿತು. "ಕೇಳಿಸ್ತಾ? ಗೋಡೆ ಆಚೆಗೂ ಕೇಳಿಸ್ತಾ? ಸ್ಪಷ್ಟವಾಗಿ?" ಎಂದವರು, ಗುಟ್ಟು ನೆನಪಾಗಿ ತಟ್ಟನೆ ಮುದುಡಿಕೊಂಡರು. "ಅಂದ್ರೆ... ಅದು ಹಿಮ್ಮೇಳ ಸಾರ್."

"ಹಿಮ್ಮೇಳ?" ಕಾರ್ಯದರ್ಶಿಗಳು ಒಂದು ಹೆಜ್ಜೆ ಹಿಂದೆ ಸರಿದರು. "ಹಿಮ್ಮೇಳ ಬೇರೆ ಇದೆಯಾ? ಹಾಗಾದ್ರೆ ಒಬ್ಬಳಲ್ಲ!"

"ಒಬ್ಳೇ ಸಾರ್. ಒಬ್ಳನ್ನೇ ಎರಡು ಕಡೆ ಇಟ್ಟಿದೀನಿ."

"ಎರಡು ಕಡೆ!"

"ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ."

ಕಾರ್ಯದರ್ಶಿಗಳು ರೈಲ್ವೆಯ ಸೇವಾವಧಿಯಲ್ಲಿ ಬೇಕಾದಷ್ಟು ನೋಡಿದ್ದರು. ಆದರೆ ಎರಡು ಕಡೆ ಇಟ್ಟವನು ಹೀಗೆ ನಾಚಿಕೊಂಡು ಹೇಳುವುದನ್ನು ನೋಡಿರಲಿಲ್ಲ. ಕಂಬಿ ಹಿಡಿದು ಮೆಟ್ಟಿಲಿಳಿದರು. "ಅವಳನ್ನ ಹೊರಗೆ ಬಿಡ್ತೀರೋ ಇಲ್ವೋ?" ಎಂದು ಕೆಳಗಿನ ಮಹಡಿಯಿಂದ, ಸುರಕ್ಷಿತ ಅಂತರದಲ್ಲಿ, ಕೂಗಿ ಕೇಳಿದರು. ಗುಮಾಸ್ತರ ಬಾಯಿಂದ ಅಭ್ಯಾಸಬಲದಿಂದ ಉದುರಿದ ಉತ್ತರ ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಇತ್ತ ಟೀಚರಮ್ಮ ಸುಮ್ಮನಿರಲಿಲ್ಲ. (ಇದೆಲ್ಲ ಗುಮಾಸ್ತರಿಗೆ ಗೊತ್ತಾದದ್ದು ಆಮೇಲೆ.) ಲೋಟದ ತಳಕ್ಕೆ ಮೊಬೈಲ್ ಒತ್ತಿ, ಗೋಡೆಯ ದನಿಯನ್ನು ಹಿಡಿದು, ಗುಮಾಸ್ತರ ಹೆಂಡತಿಗೇ ಕಳಿಸಿಬಿಟ್ಟರು. "ಗಾಬರಿಯಾಗ್ಬೇಡಮ್ಮ, ಆದ್ರೆ ಗಾಬರಿಯಾಗೋ ವಿಷಯಾನೇ," ಎಂದು ಮೇಲೊಂದು ಮಾತು ಸೇರಿಸಿದ್ದರು.

ಅತ್ತ ಮನೆಯಲ್ಲಿ ಅಕ್ಕ ಮಂಚದ ಮೇಲೆ ಕಾಲು ಚಾಚಿ, ತಂಗಿ ಮಂಚದ ಅಂಚಿನಲ್ಲಿ ಮಡಿಸಿ ಕೂತು ಆ ದನಿಯನ್ನು ಕೇಳಿದರು. ಇಬ್ಬರೂ ಆ ಹಾಡನ್ನು ನೂರು ವೇದಿಕೆಯಲ್ಲಿ ಹಾಡಿದವರು. ಆದರೆ ಅಕ್ಕನಿಲ್ಲದೆ, ತಬಲವಿಲ್ಲದೆ, ಇಟ್ಟಿಗೆ ಸೋಸಿಕೊಟ್ಟ ಆ ಬೆತ್ತಲೆ ಸಾಲನ್ನು ಇಬ್ಬರೂ ಯಾವತ್ತೂ ಕೇಳಿದವರಲ್ಲ. ಗಾಬರಿಯ ಕಿವಿಗೆ ಅದು ತಮ್ಮದೇ ಹಾಡೆಂದು ಹೊಳೆಯಲೇ ಇಲ್ಲ.

"ಯಾರೇ ಇವಳು?" ಎಂದಳು ಅಕ್ಕ.

"ನಾನೇನು ಕಂಡೆ?" ತಂಗಿ ಮೊಬೈಲನ್ನು ಮಂಚಕ್ಕೆ ಕುಕ್ಕಿದಳು. "ಹೋಗಲಾರೆ ಅಂತಾಳಲ್ಲೇ ಅಕ್ಕ, ನಮ್ಮನೇಲಿ ನಿಂತ್ಕೊಂಡು!"

ಅಕ್ಕ ಇನ್ನೊಮ್ಮೆ ಕೇಳಿದಳು. ಸಂಗೀತದ ವಿಷಯಕ್ಕೆ ಬಂದರೆ ಆಕೆ ಸುಳ್ಳು ಹೇಳುವವಳಲ್ಲ. "ಗಂಟಲು ಚೆನ್ನಾಗಿದೆ ಕಣೆ. ಕಲಿತ ಗಂಟಲು. ಬಯ್ಯೋದು ಬೈ, ಶ್ರುತಿಗೆ ಮಾತ್ರ ಬೈಬೇಡ."

"ಅದೇ ಕಣೆ ಉರಿಯೋದು! ಚೆನ್ನಾಗಿಲ್ದಿದ್ರೆ ಕ್ಷಮಿಸಿಬಿಡ್ತಿದ್ದೆ. ನನ್ನ ದನಿ ಕೇಳಿಸ್ತಾ ಅಂದ್ರೆ ಗೋಣು ಹಾಕ್ತಿದ್ದ ಮನುಷ್ಯ, ಇವಳ್ದು ಗೋಡೆ ದಾಟೋಹಾಗೆ ಕೇಳ್ತಿದಾನೆ!"

ಭಾನುವಾರ ಮಧ್ಯಾಹ್ನ ಗುಮಾಸ್ತರು ಹೊಸ ಅಂಗಿ ತೊಟ್ಟು, ಕುರ್ಚಿಗೆ ಒಗೆದ ದಿಂಬು ಹಾಕಿ, ಬಾಗಿಲ ಬಳಿ ಕಾಯುತ್ತಿದ್ದರು. ಬಾಗಿಲು ತೆರೆದಾಗ ಒಳಗೆ ಬಂದ ಮೆರವಣಿಗೆಯ ಮುಂದೆ ಸಂಘದವರು ಕರೆಸಿದ್ದ ಪೊಲೀಸ್ ಇನ್ಸ್‌ಪೆಕ್ಟರು, ಅವರ ಹಿಂದೆ ಕಾರ್ಯದರ್ಶಿಗಳು, ಏಜೆಂಟರು, ಲೋಟ ಹಿಡಿದ ಟೀಚರಮ್ಮ, ಊರುಗೋಲಿನ ಅತ್ತಿಗೆ. ಎಲ್ಲರ ಹಿಂದೆ, ಕಣ್ಣು ಕೆಂಪಾದ ಹೆಂಡತಿ.

"ಎಲ್ಲಿ ಅವಳು?" ಎಂದರು ಇನ್ಸ್‌ಪೆಕ್ಟರು.

"ಹಿಂದೆ ಬರ್ತಿದಾಳಲ್ಲ ಸಾರ್," ಎಂದು ಗುಮಾಸ್ತರು ಹೆಂಡತಿಯನ್ನು ತೋರಿಸಿದರು.

"ತಮಾಷೆ ಬೇಡ. ಒಳಗಿರೋಳು."

ಮನೆ ಶೋಧನೆಯಾಯಿತು. ಮಂಚದ ಕೆಳಗೆ ಏಜೆಂಟರು ಬಗ್ಗಿದರು, ಬಟ್ಟೆಯ ಕಪಾಟನ್ನು ಕಾರ್ಯದರ್ಶಿಗಳು ತೆರೆದರು, ಟೀಚರಮ್ಮ ಅಡುಗೆಮನೆಯ ಡಬ್ಬಗಳ ಮುಚ್ಚಳ ತೆಗೆದು ನೋಡಿದರು. ಒಬ್ಬಳನ್ನೇ ಎರಡು ಕಡೆ ಇಟ್ಟವನು ಡಬ್ಬದಲ್ಲಿ ಇಡಲಾರನೆ? ಹೆಂಡತಿ ಮಾತ್ರ ಹಜಾರದ ಹಿಂಗೋಡೆಗೆ ಒರಗಿ, ಗಂಡನನ್ನು ನೋಡದೆ ನಿಂತಳು.

"ಏನೇ ಇದೆಲ್ಲ?" ಎಂದು ಗುಮಾಸ್ತರು ಪಿಸುಗುಟ್ಟಿದರು.

"ನನ್ನ ಕೇಳ್ತೀರಾ?" ಎಂದಳು. "ಅವಳನ್ನ ಕೇಳಿ. ದನಿ ಚೆನ್ನಾಗಿದೆಯಂತಲ್ಲ."

ಆಗ ಗುಮಾಸ್ತರಿಗೆ ಅರ್ಧ ಅರ್ಥವಾಯಿತು. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಈ ವಾರವೆಲ್ಲ ಅವರು ಬಾಯಿ ಬಿಟ್ಟಾಗಲೆಲ್ಲ ಅಪರಾಧ ಒಂದೊಂದು ಕಲಮು ಬೆಳೆದಿತ್ತು. ಅಷ್ಟರಲ್ಲಿ ಶೋಧಿಸಿ ದಣಿದ ಇನ್ಸ್‌ಪೆಕ್ಟರು, ಹಜಾರದಲ್ಲಿದ್ದ ಒಂದೇ ಕುರ್ಚಿಯಲ್ಲಿ, ಒಗೆದ ದಿಂಬಿನ ಮೇಲೆ ಕೂತರು. ಗುಮಾಸ್ತರು ದೇವರನ್ನು ನೆನೆದು ಕಂಪ್ಯೂಟರಿನ ಗುಂಡಿ ಒತ್ತಿದರು.

ಎದುರಿನಿಂದ ಅತ್ತಿಗೆಯ ದನಿ ಬಂತು. ಇನ್ಸ್‌ಪೆಕ್ಟರು ಹುಬ್ಬೇರಿಸಿದರು. ಎಡದಿಂದ ತಬಲ ಬಂತು, ಏಜೆಂಟರು "ಅದೇ! ಅದೇ ಬಾಗಿಲು!" ಎಂದರು. ಮರುಕ್ಷಣ ಇನ್ಸ್‌ಪೆಕ್ಟರ ಎರಡೂ ಕಿವಿಯ ಹಿಂದೆ, ಬೆನ್ನಿಗೆ ಅಂಟಿದ ಹಾಗೆ:

"ನಾ ಹೋಗಲಾರೆ..."

ಇನ್ಸ್‌ಪೆಕ್ಟರು ಕುರ್ಚಿಯ ಸಮೇತ ಎದ್ದರು. "ಯಾರದು! ಹೆದರ್ಬೇಡಮ್ಮ, ಪೊಲೀಸ್ ಬಂದಿದೆ, ಹೊರಗೆ ಬಾ!"

"ನಾ ಹೋಗಲಾರೆ..."

"ಯಾಕೆ ಹೋಗಲಾರೆ? ಕಟ್ಟಿಹಾಕಿದಾನಾ?"

ಎದುರಿನಿಂದ ಅತ್ತಿಗೆಯ ದನಿ, "ಕರೆದರೂ ಸರಿಯೆ, ಕರೆಯದಿರೆ ಸರಿಯೆ" ಎಂದಿತು.

"ನೀವು ಸುಮ್ನಿರಿ, ನಾನು ಅವಳ ಹತ್ರ ಮಾತಾಡ್ತಿದೀನಿ!" ಎಂದು ಇನ್ಸ್‌ಪೆಕ್ಟರು ಮುಂದಿನ ಸ್ಪೀಕರಿಗೆ ಗದರಿ, ಹಿಂದಕ್ಕೆ ತಿರುಗಿದರು. ಹಿಂದೆ ಇದ್ದದ್ದು ಗೋಡೆ, ಎರಡು ಕರಿ ಪೆಟ್ಟಿಗೆ, ಅವೆರಡರ ನಡುವೆ ಉಸಿರು ಹಿಡಿದು ನಿಂತ ಗುಮಾಸ್ತರ ಹೆಂಡತಿ.

ಅಕ್ಕನ ಹಾಡಿಗೆ ದನಿ ಕೂಡಿಸಿದವಳು ಯಾರೆಂದು ಆಕೆ ಒಂದು ಸ್ಪೀಕರಿಗೆ ಕಿವಿ ಹತ್ತಿರ ತಂದಿದ್ದಳು. ಸಾಲು ಮುಗಿಯಿತು. ಮುಂದಿನ "ನಾ"ಗೆ ಮೊದಲು, ಒಳಗಿನಿಂದ ಯಾರೋ ಸಣ್ಣಗೆ, ಅವಸರದಲ್ಲಿ ಉಸಿರೆಳೆದುಕೊಂಡ ಸದ್ದು.

"ಅಕ್ಕ," ಎಂದಳು ಆಕೆ. "ಇಲ್ಲಿ ಉಸಿರು ತಗೋಬೇಡ ಅಂತ ನೀನು ನಂಗೆ ಬೈತಿದ್ಯಲ್ಲ?"

"ಬೈತಿದ್ದೆ. ನೀನು ಕೇಳ್ತಿರ್ಲಿಲ್ಲ."

"ಇವಳೂ ಇಲ್ಲೇ ತಗೋತಿದಾಳೆ."

ಹಾಡು ಮತ್ತೊಂದು ಸುತ್ತು ಬಂತು. ಉಸಿರು ಅದೇ ಜಾಗದಲ್ಲಿ ಬಂತು. ಹೆಂಡತಿ ಕೈಯನ್ನು ಸ್ಪೀಕರಿನ ಮೇಲೆ, ಜ್ವರ ನೋಡುವ ಹಾಗೆ, ಇಟ್ಟಳು.

"ಅಯ್ಯೋ, ಇದು ನಾನು ಕಣೆ!"

ಮೊದಲು ಚೇತರಿಸಿಕೊಂಡವರು ಕಾರ್ಯದರ್ಶಿಗಳು. "ಅಂದ್ರೆ, ನೀವು ಊರಲ್ಲಿ ಇಲ್ದಿದ್ದಾಗ ಮನೇಲಿದ್ದ ಹೆಂಗಸು..."

"ನಾನೇ."

"ಹೋಗಲಾರೆ ಅಂದಿದ್ದು..."

"ನಾನೇ ಸಾರ್! ಮದುವೆಗೆ ಮುಂಚೆ!"

ಇನ್ಸ್‌ಪೆಕ್ಟರು ಟೋಪಿ ತೆಗೆದು ತಲೆ ಒರೆಸಿಕೊಂಡರು. "ನನ್ನ ಸರ್ವೀಸಲ್ಲಿ ಕಾಣೆಯಾದೋರು ಸಿಕ್ಕಿದಾರೆ. ಇಲ್ಲೇ ಇರೋರು ಸಿಕ್ಕಿದ್ದು ಇದೇ ಮೊದಲು. ಸರಿ, ಕತ್ತರಿಸಿ ಬಿಸಾಕಿದ್ದು ಏನ್ರೀ?"

"ಗೊಗ್ಗರು ಸಾರ್," ಎಂದರು ಗುಮಾಸ್ತರು.

ಟೀಚರಮ್ಮ ಲೋಟವನ್ನು ಸೆರಗಿನೊಳಗೆ ಸೇರಿಸಿಕೊಂಡರು. ಆಮೇಲೆ, ತಪ್ಪಾಯಿತು ಎನ್ನುವ ಬದಲಿಗೆ ಹಿರಿಯರು ಹೇಳುವ ಮಾತನ್ನು ಹೇಳಿದರು: "ನಂಗೊಂದ್ಸಲ ಪೂರ್ತಿ ಹಾಕಪ್ಪ. ವಾರದಿಂದ ಬರೀ ಹೋಗಲಾರೆ ಕೇಳಿ ಸಾಕಾಗಿದೆ. ಎಲ್ಲಿಗೆ ಅಂತಾದ್ರೂ ತಿಳೀಲಿ."

ಅಲ್ಲಿಂದ ಮುಂದೆ ಆ ಮನೆ ಅಪರಾಧದ ಸ್ಥಳವೆಂಬುದು ಯಾರಿಗೂ ನೆನಪಿರಲಿಲ್ಲ. ಒಬ್ಬೊಬ್ಬರೂ ಸರದಿಯ ಮೇಲೆ ಕುರ್ಚಿಯಲ್ಲಿ ಕೂತರು. ಟೀಚರಮ್ಮ ಕಣ್ಣೊರೆಸಿಕೊಂಡು ಎದ್ದರು. ಏಜೆಂಟರು ತಮ್ಮ ಗೋಡೆಯ ದಬದಬವನ್ನು ಗುರುತಿಸಿ, "ನಮ್ಮ ಭಾಗ ಬಂತು, ನಮ್ಮ ಭಾಗ!" ಎಂದು ಎಲ್ಲರಿಗೂ ತೋರಿಸಿದರು. ಕಾರ್ಯದರ್ಶಿಗಳು ಗುಡುಗು ಪೆಟ್ಟಿಗೆಯ ಎದುರು ನಿಂತು, ಇದಿಲ್ಲದಿದ್ದರೆ ಹಾಡಿಗೆ ತಳಪಾಯವೇ ಇಲ್ಲವೆಂದು ಘೋಷಿಸಿದರು. ಇನ್ಸ್‌ಪೆಕ್ಟರು ಎರಡು ಸಲ ಕೂತರು; ಎರಡನೆಯ ಸಲ ಬೆನ್ನ ಹಿಂದೆ ದನಿ ಬಂದಾಗ ಬೆಚ್ಚದೆ, ಕಣ್ಣು ಮುಚ್ಚಿದರು. ಹೆಂಡತಿ ಕೂರಲಿಲ್ಲ. ಗುಮಾಸ್ತರು ದಿಂಬು ತಟ್ಟಿ ಕರೆದರೂ "ಇರಿ, ಎಲ್ರದ್ದೂ ಆಗ್ಲಿ" ಎಂದು ಅವರ ಪಕ್ಕದಲ್ಲಿ, ತೋಳಿಗೆ ತೋಳು ತಾಗಿಸಿ ನಿಂತಳು. ಪ್ರತಿಯೊಬ್ಬರ ಮುಖದಲ್ಲೂ ತನ್ನ ದನಿ ಮೂಡಿ ಬರುವುದನ್ನು ನೋಡುತ್ತಿದ್ದಳು.

"ನಿಜವಾಗ್ಲೂ ಕೇಳಿಸ್ತಾ?" ಎಂದು ಕೇಳಿದಳು, ಮೆಲ್ಲಗೆ.

"ಉಸಿರೂ ಕೇಳಿಸ್ತು," ಎಂದರು ಗುಮಾಸ್ತರು. ಈ ಸಲ ಅದು ನಿಜವಾಗಿತ್ತು.

ಕೊನೆಗೆ ಅಕ್ಕ ಊರುಗೋಲನ್ನು ಏಜೆಂಟರ ಕೈಗೆ ಕೊಟ್ಟು ಕುರ್ಚಿಯಲ್ಲಿ ಕೂತಳು. ಹಾಡು ಮೊದಲಿನಿಂದ ಕೊನೆಯ ತನಕ ನಡೆಯಿತು. ಆಕೆಯ ಬೆರಳುಗಳು ತೊಡೆಯ ಮೇಲೆ ತಾಳ ಹಿಡಿದು, ಬೆನ್ನಿನ ದನಿ ಬಂದಾಗಲೆಲ್ಲ ತಾಳ ಬಿಟ್ಟು, ಮತ್ತೆ ಹಿಡಿದವು. ಮುಗಿದ ಮೇಲೆ ಆಕೆ ತಂಗಿಯ ಕಡೆ ತಿರುಗಿದಳು.

"ಚೆನ್ನಾಗಿದೆ," ಎಂದಳು. "ಇಷ್ಟು ಚೆನ್ನಾಗಿ ಹಾಡ್ತಿದ್ಯೇನೆ ನೀನು? ನನ್ನ ಬೆನ್ನ ಹಿಂದೆ? ಒಂದು ದಿನ ಹೇಳ್ಬಾರ್ದಾಗಿತ್ತಾ?"

"ಹೇಳೋದೇನು ಅಕ್ಕ, ಹಾಡ್ತಾನೇ ಇದ್ನಲ್ಲ."

ಅಕ್ಕ ನಕ್ಕಳು. ಆಮೇಲೆ ಗುಮಾಸ್ತರ ಕಡೆ ತಿರುಗಿ, ಎಲೆಯ ಮುಂದೆ ಕೂತು ಉಪ್ಪು ಕೇಳುವಷ್ಟು ಸಹಜವಾಗಿ ಹೇಳಿದಳು:

"ಒಂದೇ ಒಂದು ಕೊರತೆ ನೋಡಿ. ಇವಳು ಅಲ್ಲಿ ಹಿಂದೆ, ನಾನು ಇಲ್ಲಿ ಮುಂದೆ ಅಂದ್ರೆ, ಇಬ್ರೂ ಎದುರುಬದುರು ನಿಂತು ಹಾಡಿದ ಹಾಗಿದೆ. ಕೇಳೋರು ಯಾರ ಕಡೆ ತಿರುಗ್ಬೇಕು? ಹಿಮ್ಮೇಳ ಅಂದ್ರೆ ನನ್ನ ಹಿಂದೆ. ಅಲ್ಲೇ ಇದ್ದಿದ್ದು ಅದು. ಅದನ್ನ ಹಾಗೇ ಎತ್ತಿ ನನ್ನ ದನಿ ಹಿಂದೆ ಹಾಕಿ, ಇನ್ನೊಂದ್ಸಲ ಕೇಳಿಸಿ."

ದೊಡ್ಡ ಹಾಡುಗಾರ್ತಿಯ ಮಾತು, ನ್ಯಾಯವೂ ಇತ್ತು. ಕಿವಿಯಣ್ಣ ಇದ್ದಿದ್ದರೆ ಎದ್ದು ಚಪ್ಪಾಳೆ ಹೊಡೆಯುತ್ತಿದ್ದರು. ಇನ್ಸ್‌ಪೆಕ್ಟರು ಗುಮಾಸ್ತರನ್ನು ನೋಡಿದರು, ಕಾರ್ಯದರ್ಶಿಗಳು ಗುಮಾಸ್ತರನ್ನು ನೋಡಿದರು. ಗುಮಾಸ್ತರ ಕೈ ತಾನಾಗಿ ಕಂಪ್ಯೂಟರಿನ ಕಡೆ ಹೊರಟಿತು, ಬಾಯಿ ತಾನಾಗಿ "ಪರಿಶೀ..." ಎನ್ನುವಷ್ಟು ತೆರೆಯಿತು.

ಹೆಂಡತಿ ಆ ಕೈಯನ್ನು ಹಿಡಿದು ಪಕ್ಕಕ್ಕಿಟ್ಟಳು.

"ಇಲ್ಲ ಅಕ್ಕ," ಎಂದಳು. "ಹಾಕೋದಿಲ್ಲ."